ಕಿಲಿಮಂಜಾರೋದ ನೀರು

ಮಚಾಮೆ ಗೇಟಿನ ತಗಡಿನ ಮಾಡಿನಡಿ ಒಂದು ತಕ್ಕಡಿ ತೂಗಾಡುತ್ತಿತ್ತು. ಅದರೆದುರು ಪೋರ್ಟರುಗಳ ಉದ್ದ ಸಾಲು. ಟೆಂಟು, ಗ್ಯಾಸ್ ಸಿಲಿಂಡರು, ಮೊಟ್ಟೆ ಟ್ರೇ, ಮಡಚುವ ಕುರ್ಚಿ, ಆಲೂಗಡ್ಡೆ ಮೂಟೆ, ನಮ್ಮ ಬಟ್ಟೆಬರೆಯ ಚೀಲ, ಎಲ್ಲವೂ ಸರದಿಯಲ್ಲಿ ಕೊಕ್ಕೆಗೇರಿ ಇಳಿಯುತ್ತಿದ್ದವು. ಒಬ್ಬ ಪೋರ್ಟರ್ 20 ಕಿಲೋಗಿಂತ ಹೆಚ್ಚು ಹೊರುವಂತಿಲ್ಲ ಎಂಬುದು ಇಲ್ಲಿಯ ನಿಯಮ. ಮುಳ್ಳು 20 ದಾಟಿತೆಂದರೆ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಬೇಡವೆಂದು ತಲೆಯಾಡಿಸುತ್ತಾರೆ. ಅಲ್ಲೇ ಮೂಟೆ ಬಿಚ್ಚಿ ಒಂದಿಷ್ಟು ತೆಗೆದು ಮತ್ತೊಬ್ಬನ ಮೂಟೆಗೆ ಸೇರಿಸಬೇಕು. ಬೆಂಗಳೂರು, ಮೈಸೂರು, ಶಿರಸಿ ಕಡೆಯಿಂದ ಹೋದ ನಾವು ಎಂಟು ಜನ. ನಮ್ಮನ್ನು ಹತ್ತಿಸಿ ಇಳಿಸಲು ನಿಂತಿದ್ದವರು ಮೂವತ್ತಕ್ಕೂ ಮಿಕ್ಕಿ. ಪರವಾನಗಿ ಇರುವ ಗೈಡ್ ಇಲ್ಲದೆ ಕಿಲಿಮಂಜಾರೋ ಹತ್ತಲು ಯಾರನ್ನೂ ಬಿಡುವುದಿಲ್ಲ.

ಕಂಪನಿ ಆರಿಸುವಾಗ ನಾವು ದರಕ್ಕಿಂತ ಮುಂಚೆ ಕೇಳಿದ್ದು ಪೋರ್ಟರುಗಳ ವಿಚಾರ: ಕೂಲಿ ಎಷ್ಟು, ದಿನಕ್ಕೆ ಎಷ್ಟು ಊಟ, ಮಲಗುವುದು ಎಲ್ಲಿ. ಮೋಶಿ ಪಟ್ಟಣದಲ್ಲಿ 2003ರಿಂದ ಕೆಲಸ ಮಾಡುತ್ತಿರುವ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಇದನ್ನೆಲ್ಲ ಪರಿಶೀಲಿಸುತ್ತದೆ; ಬೆಚ್ಚನೆಯ ಬಟ್ಟೆ, ಬೂಟು ಇಲ್ಲದವರಿಗೆ ಎರವಲು ಕೊಡುತ್ತದೆ. ತೀರಾ ಅಗ್ಗಕ್ಕೆ ಕರೆದೊಯ್ಯುತ್ತೇವೆ ಎನ್ನುವವರ ಅಗ್ಗ ಬರುವುದು ಹೊರುವವನ ತಟ್ಟೆಯಿಂದ, ಅವನ ಹೊದಿಕೆಯಿಂದ. ಇಲ್ಲಿಗೆ ಬರುವ ಕನ್ನಡಿಗರ ಸಂಖ್ಯೆ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ.

ಗೇಟು ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೊದಲ ಶಿಬಿರದವರೆಗೂ ದಟ್ಟ ಕಾಡು. ಮಳೆ ಹಿಡಿದಿತ್ತು. ಮರದ ಜರೀಗಿಡಗಳು ತಲೆಯ ಮೇಲೆ ಕೊಡೆ ಬಿಚ್ಚಿ ನಿಂತಿದ್ದವು, ಕೊಂಬೆಕೊಂಬೆಗೂ ಪಾಚಿ. ದಾರಿ ಬದಿಯ ಒದ್ದೆ ದರೆಯಲ್ಲಿ ಕೆಂಪು ಹಳದಿ ಬಣ್ಣದ ಪುಟ್ಟ ಹೂವೊಂದು ಸೊಂಡಿಲು ಮಡಚಿಕೊಂಡು ಅರಳಿತ್ತು. ನೋಡಿದೊಡನೆ ಗುರುತು ಸಿಕ್ಕಿತು: ನಮ್ಮ ಕರ್ಣಕುಂಡಲದ ಕುಲದ್ದು. ಸಹ್ಯಾದ್ರಿಯಲ್ಲಿ ಈ ಕುಲದ ಹತ್ತಾರು ಬಗೆ ಇವೆ. ಈ ಬಗೆ ಮಾತ್ರ ಕಿಲಿಮಂಜಾರೋ ಬಿಟ್ಟರೆ ಬೇರೆಲ್ಲೂ ಇಲ್ಲ, ಹೆಸರೇ ಇಂಪೇಷನ್ಸ್ ಕಿಲಿಮಂಜಾರಿ. ನಾನು ಬಗ್ಗಿ ನೋಡುತ್ತ ಹಿಂದುಳಿದಾಗ ಮುಖ್ಯ ಗೈಡ್ ಬಂದು ಪಕ್ಕದಲ್ಲಿ ನಿಂತರು.

“ದಾದಾ,” ಸ್ವಾಹಿಲಿಯಲ್ಲಿ ಅಕ್ಕಾ, ಎಂದರು. “ಎಲ್ಲರೂ ಮೇಲಿನ ಹಿಮದ ಬಗ್ಗೆ ಕೇಳುತ್ತಾರೆ. ನೀವು ಕಾಡು ನೋಡುತ್ತಿದ್ದೀರಿ.”

“ನನ್ನದು ಅಡಿಕೆ ತೋಟದ ಊರು. ನೀರು ಎಲ್ಲಿಂದ ಬರುತ್ತದೆ ಎಂದು ನೋಡುವುದು ರೂಢಿ,” ಎಂದೆ.

“ಹಾಗಾದರೆ ಇಲ್ಲೇ ನೋಡಿ,” ಎಂದು ಕಾಲಡಿಯ ನೆಲವನ್ನು ಕೋಲಿನಿಂದ ಒತ್ತಿದರು. ಒತ್ತಿದಲ್ಲೆಲ್ಲ ನೀರು ಜಿನುಗಿತು.

ಅವರ ಮಾತಿನ ಹಿಂದೆ ದೊಡ್ಡ ಸತ್ಯವಿದೆ. 1848ರಲ್ಲಿ ಜರ್ಮನ್ ಮಿಷನರಿ ಯೋಹಾನ್ನೆಸ್ ರೆಬ್‌ಮನ್ ಈ ಬೆಟ್ಟದ ನೆತ್ತಿಯಲ್ಲಿ ಹಿಮ ಕಂಡೆ ಎಂದು ಬರೆದಾಗ, ಭೂಮಧ್ಯರೇಖೆಯ ಮಗ್ಗುಲಲ್ಲಿ ಹಿಮವೇ ಎಂದು ಲಂಡನ್ನಿನ ಪಂಡಿತರು ನಂಬಲಿಲ್ಲ. ಆಮೇಲೆ ನಂಬಿದರು, ಅಂದಿನಿಂದ ಜಗತ್ತಿನ ಕಣ್ಣೆಲ್ಲ ಆ ಹಿಮದ ಮೇಲೆಯೇ. 1912ರಲ್ಲಿದ್ದ ಹಿಮದ ಹರವಿನಲ್ಲಿ ಶೇಕಡ 85ರಷ್ಟು 2007ರ ಹೊತ್ತಿಗೆ ಇಲ್ಲವಾಗಿತ್ತು. ಅದಕ್ಕಾಗಿ ಮರುಗುವವರು ಮರುಗಲಿ, ನಾನೂ ಮರುಗುತ್ತೇನೆ. ಆದರೆ ಬೆಟ್ಟದ ಬುಡದಲ್ಲಿ ಬದುಕುವ ಲಕ್ಷಾಂತರ ಜನರ ಬಾಯಿಗೆ, ಹೊಲಕ್ಕೆ ಹೋಗುವ ನೀರಿನಲ್ಲಿ ಆ ಹಿಮದ ಪಾಲು ಬಹಳ ಸಣ್ಣದು. ಪಂಗಾನಿ ನದಿಗೆ ನೀರೂಡುವುದು ಮಳೆಯನ್ನು ಹೀರಿ ಹಿಡಿದಿಡುವ ಈ ಕಾಡು. ಹಿಮ ಫೋಟೋದಲ್ಲಿ ಬೀಳುತ್ತದೆ, ಕಾಡಿನ ಕೆಲಸ ಬೀಳುವುದಿಲ್ಲ.

ಎರಡನೆಯ ದಿನ ಕಾಡು ಮುಗಿದು ಹೀದರ್ ಎಂಬ ಸಣ್ಣೆಲೆಯ ಮರಗಳ ಸೀಮೆ. ಕೊಂಬೆಗಳಿಂದ ನರೆತ ಗಡ್ಡದ ಹಾಗೆ ಕಲ್ಲುಹೂ ಇಳಿಬಿದ್ದಿತ್ತು. ಮೋಡ ಹಾದುಹೋದಾಗಲೆಲ್ಲ ಅದರ ಎಳೆಗಳ ತುದಿಯಲ್ಲಿ ಹನಿ ಕೂಡಿ ತೊಟ್ಟಿಕ್ಕುತ್ತಿತ್ತು. ಮಳೆ ಇಲ್ಲದೆಯೂ ನೆಲ ಒದ್ದೆ. ಮೋಡದಿಂದ ನೀರು ಹಿಂಡಿ ಬೆಟ್ಟಕ್ಕೆ ಕೊಡುವ ಈ ಹೀದರ್ ಕಾಡೇ ಬೆಂಕಿಗೆ ಹೆಚ್ಚು ಬಲಿಯಾಗುತ್ತಿರುವುದು. ಹವೆ ಒಣಗುತ್ತ ಬಂದಂತೆ ಬೆಂಕಿಯೂ ಹೆಚ್ಚಿ, ಕಾಡಿನ ಮೇಲಂಚು ವರ್ಷವರ್ಷ ಕೆಳಕ್ಕೆ ಸರಿದಿದೆ. 2020ರ ಅಕ್ಟೋಬರಿನಲ್ಲಿ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ದಾರಿಯಲ್ಲಿ ಒಂದೆಡೆ ಕರಿ ಹಿಡಿದ ಮೋಟುಗಳು ನಿಂತಿದ್ದವು. ಒಂದರ ಬುಡ ಮುಟ್ಟಿದೆ, ಬೆರಳಿಗೆ ಮಸಿ ಹತ್ತಲಿಲ್ಲ, ಮಳೆ ಎಂದೋ ತೊಳೆದಿತ್ತು. ಬುಡದಲ್ಲಿ ಹೊಸ ಚಿಗುರು ಕಿರುಬೆರಳಿನಷ್ಟು.

ಎರಡನೆಯ ರಾತ್ರಿ ತಂಗಿದ ಶಿರಾ ಬಯಲಿನಲ್ಲಿ ಚಳಿ ಕಡಿಯಿತು ಎಂಬುದಷ್ಟೇ ನೆನಪು. ಮರುದಿನ 4,600 ಮೀಟರಿನ ಲಾವಾ ಟವರ್‌ವರೆಗೆ ಹತ್ತಿಸಿ, ಅಲ್ಲಿ ಸೂಪು ಕುಡಿಸಿ, ಮತ್ತೆ 3,900ರ ಆಸುಪಾಸಿನ ಬರಾಂಕೊ ಶಿಬಿರಕ್ಕೆ ಇಳಿಸಿದರು. ಹಗಲು ಎತ್ತರಕ್ಕೆ ಹೋಗಿ, ರಾತ್ರಿ ತಗ್ಗಿನಲ್ಲಿ ಮಲಗಿದರೆ ದೇಹ ತೆಳುಗಾಳಿಗೆ ಒಗ್ಗುತ್ತದೆ. ಟವರಿನ ಬುಡದಲ್ಲಿ ನಮ್ಮಲ್ಲಿ ಹಲವರಿಗೆ ತಲೆನೋವು, ಒಬ್ಬರಿಗೆ ವಾಂತಿ. ಗೈಡುಗಳು ಬೆಳಗ್ಗೆ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ಅಂಕಿ ಬರೆದುಕೊಳ್ಳುತ್ತಿದ್ದರು. ಊಟ ಎಷ್ಟು ಸೇರಿತು, ನೀರು ಎಷ್ಟು ಕುಡಿದಿರಿ, ಮೂತ್ರದ ಬಣ್ಣ ಹೇಗಿದೆ ಎಂದು ಮುಲಾಜಿಲ್ಲದೆ ಕೇಳುತ್ತಿದ್ದರು. ದಿನಕ್ಕೆ ಮೂರು ಲೀಟರಿಗೆ ಕಡಿಮೆ ಇಲ್ಲದಂತೆ ಕುಡಿಯಬೇಕು. ಕುಡಿಯದವರ ಎದುರು ಗೈಡ್ ಬಾಟಲಿ ಹಿಡಿದು ನಿಂತೇ ಇರುತ್ತಿದ್ದರು.

ಬರಾಂಕೊ ಕಣಿವೆಗೆ ಇಳಿಯುವ ದಾರಿಯಲ್ಲಿ ಸೆನೇಸಿಯೊ ಮರಗಳು. ಆಳೆತ್ತರ ಮೀರಿದ ಕಾಂಡ, ತುದಿಯಲ್ಲಿ ದಪ್ಪ ಎಲೆಗಳ ಗೊಂಚಲು. ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಸುತ್ತಿಕೊಂಡೇ ಇರುತ್ತವೆ, ಒಳಗಿನ ನೀರು ರಾತ್ರಿಯ ಚಳಿಗೆ ಹೆಪ್ಪುಗಟ್ಟದಿರಲೆಂದು. ಅವುಗಳ ಬುಡದಲ್ಲಿ ಲೊಬೀಲಿಯಾ. ಬೆಳಗ್ಗೆ ಹೊರಡುವ ಮುಂಚೆ ಒಂದರ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ರಾತ್ರಿ ಮೊಗ್ಗಿನಂತೆ ಮುಚ್ಚಿಕೊಂಡಿದ್ದ ಎಲೆಗಳು ಬಿಸಿಲು ತಾಗಿ ಸಡಿಲಾಗುತ್ತಿದ್ದವು. ನಡುವೆ ಒಂದು ಲೋಟದಷ್ಟು ನೀರು. ಮೇಲ್ಪದರ ಮಾತ್ರ ತೆಳ್ಳಗೆ ಮಂಜುಗಟ್ಟಿತ್ತು. ಕಡ್ಡಿ ಚುಚ್ಚಿದರೆ ಅಡಿಯಲ್ಲಿ ಲೋಳೆಲೋಳೆಯಾದ ನೀರು ನೀರಾಗಿಯೇ ಇತ್ತು. ಎಳೆಯ ಮೊಗ್ಗುಗಳು ಆ ನೀರಿನ ಆಸರೆಯಲ್ಲಿ ರಾತ್ರಿ ಕಳೆಯುತ್ತವೆ. ಸುತ್ತಲಿನ ಕಲ್ಲುಗಳ ಮೇಲೆಲ್ಲ ಬಿಳಿ ಹಿಮಗರಿ.

ಬರಾಂಕೊ ಗೋಡೆ ಸುಮಾರು 250 ಮೀಟರ್ ಎತ್ತರ, ಹಗ್ಗ ಬೇಕಿಲ್ಲ, ಆದರೆ ಕೈ ಊರದೆ ಹತ್ತಲಾಗದು. ನಾವು ಬಂಡೆಗಳನ್ನು ತಬ್ಬಿಕೊಂಡು ಹತ್ತುತ್ತಿದ್ದಾಗ ಪೋರ್ಟರುಗಳು ತಲೆಯ ಮೇಲೆ ಮೂಟೆ ಹೊತ್ತು, ಒಂದು ಕೈ ಬಿಟ್ಟೇ ನಮ್ಮನ್ನು ದಾಟಿ ಹೋದರು. ಗೋಡೆ ಹತ್ತಿ, ಏರಿಳಿದು, ಕರಂಗಾ ಕಣಿವೆ ಸೇರಿದಾಗ ತಳದಲ್ಲಿ ಸಣ್ಣ ತೊರೆ ಹರಿಯುತ್ತಿತ್ತು. ಈ ದಾರಿಯ ಕೊನೆಯ ನೀರು ಅದು. ಅಲ್ಲಿಂದ ಮೇಲೆ, 4,673 ಮೀಟರಿನ ಬರಾಫು ಶಿಬಿರದಲ್ಲಿ ಒಂದು ಹನಿಯೂ ಇಲ್ಲ. ಕುಡಿಯುವುದು, ಬೇಯಿಸುವುದು, ಕೈ ತೊಳೆಯುವುದು, ಪ್ರತಿಯೊಂದಕ್ಕೂ ಇಲ್ಲಿಂದಲೇ ಹೊತ್ತೊಯ್ಯಬೇಕು.

ತೊರೆಯ ಬಳಿ ಕುಳಿತು ನೀರು ತುಂಬುವುದನ್ನು ನೋಡಿದೆ. ಹಳದಿ ಪ್ಲಾಸ್ಟಿಕ್ ಕ್ಯಾನು, 20 ಲೀಟರಿನದು, ಎಂದರೆ ಒಬ್ಬನ ಪೂರ್ತಿ ಹೊರೆ. ಇಪ್ಪತ್ತರ ಹರೆಯದ ಹುಡುಗನೊಬ್ಬ ಮಗ್ಗಿನಿಂದ ಮೊಗೆದು ಮೊಗೆದು ತುಂಬಿಸಿದ. ತೊರೆ ತೆಳ್ಳಗಿದ್ದುದರಿಂದ ಬಹಳ ಹೊತ್ತು ಹಿಡಿಯಿತು. ಬೆರಳುಗಳು ಮರಗಟ್ಟಿದಾಗ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗಾಗಿಸಿ ಮತ್ತೆ ಮೊಗೆದ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದ, ತಲೆಕೆಳಗು ಮಾಡಿ ಸೋರುತ್ತದೆಯೇ ನೋಡಿದ, ಸಿಂಬೆ ಸುತ್ತಿ ತಲೆಗೇರಿಸಿಕೊಂಡ. ಎದುರು ಸುಮಾರು 700 ಮೀಟರಿನ ಏರು. ಸಂಜೆ ಬರಾಫುವಿನಲ್ಲಿ ಅವನೇ ನಮ್ಮ ಟೆಂಟಿನ ಬಾಗಿಲಿಗೆ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟ, ಮುಖ ತೊಳೆಯಲು. ನಾವು ಎಂಟೂ ಜನ ಕೂತು ಮಾತಾಡಿಕೊಂಡೆವು. ಆ ನೀರನ್ನು ಹಾಗೇ ಅಡುಗೆ ಟೆಂಟಿಗೆ ಹಿಂದಿರುಗಿಸಿದೆವು. ಅಡುಗೆಯವರು ಏನೂ ಕೇಳದೆ ಚಹಾಕ್ಕೆ ಸುರಿದುಕೊಂಡರು.

ನಡುರಾತ್ರಿಗೆ ಹೊರಟೆವು. ಹಣೆಯ ದೀಪಗಳ ಸಾಲು ಮೇಲೆ ಮೇಲೆ ಹೋಗುತ್ತಿತ್ತು. ಒಂದು ಹೆಜ್ಜೆ, ಎರಡು ಉಸಿರು. “ಪೋಲೆ ಪೋಲೆ,” ನಿಧಾನ ನಿಧಾನ, ಎಂದು ಗೈಡ್ ಹೇಳುತ್ತಲೇ ಇದ್ದರು. ಬಾಟಲಿಯನ್ನು ಉಣ್ಣೆ ಕಾಲುಚೀಲದೊಳಗೆ ತಲೆಕೆಳಗಾಗಿ ಇಡಲು ಅವರೇ ಹೇಳಿಕೊಟ್ಟಿದ್ದರು. ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಾಗಿ ಬಾಯಿಕಡೆಯ ನೀರು ಕುಡಿಯಲು ಉಳಿಯುತ್ತದೆ.

5,000 ಮೀಟರ್ ದಾಟಿದ ಮೇಲೆ ಮೈಸೂರಿನ ನಿವೃತ್ತ ಉಪನ್ಯಾಸಕರ ಹೆಜ್ಜೆ ತಪ್ಪತೊಡಗಿತು. ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿತ್ತು. ಗೈಡ್ ಸಾಲು ನಿಲ್ಲಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರವಾಗಿ ನಡೆಯಿರಿ ಎಂದರು. ಅವರಿಗೆ ಆಗಲಿಲ್ಲ.

“ಇನ್ನೇನು ಸ್ವಲ್ಪ ದೂರ ಅಲ್ಲವೇನಮ್ಮಾ, ನೀವಾದರೂ ಹೇಳಿ,” ಎಂದು ನನ್ನ ಕಡೆ ತಿರುಗಿದರು.

“ಬೇಡ ಸರ್. ಅವರು ಹೇಳಿದಂತೆ ಇಳಿಯಿರಿ,” ಎಂದೆ.

ಗೈಡ್ ವಾದಕ್ಕೆ ಎಡೆಯೇ ಕೊಡಲಿಲ್ಲ. ಸಹಾಯಕ ಗೈಡೊಬ್ಬರು ಅವರ ತೋಳಿಗೆ ತೋಳು ಕೊಟ್ಟು ಆಗಲೇ ಕೆಳಗೆ ಕರೆದೊಯ್ದರು. ಮಿದುಳಿನಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆಯ ಮೊದಲ ಗುರುತು ಈ ತತ್ತರಿಕೆ; ಕೆಳಗಿಳಿಸುವುದೇ ಅದಕ್ಕೆ ಮೊದಲ ಮದ್ದು. ಬೆಳಗಾಗುವ ಹೊತ್ತಿಗೆ ಅವರು ಬರಾಫುವಿನಲ್ಲಿ ಚೇತರಿಸಿಕೊಂಡು ಗಂಜಿ ಕುಡಿಯುತ್ತಿದ್ದರಂತೆ. ಗೈಡಿನ ವಿದ್ಯೆ ಇರುವುದು ದಾರಿ ತೋರಿಸುವುದರಲ್ಲಿ ಅಷ್ಟಾಗಿ ಅಲ್ಲ, ಇಂಥ ಗಳಿಗೆಯಲ್ಲಿ ಸಾಲು ನಿಲ್ಲಿಸುವ ಧೈರ್ಯದಲ್ಲಿ.

ಸೂರ್ಯ ಮವೆನ್ಜಿಯ ಮೊನಚು ಶಿಖರದಾಚೆ ಮೂಡುವಾಗ ಸ್ಟೆಲ್ಲಾ ಪಾಯಿಂಟಿನ ಕುಳಿಯಂಚು ಮುಟ್ಟಿದೆವು. ಅಲ್ಲೇ ಕೆಳಗೆ ರೆಬ್‌ಮನ್ ಹೆಸರಿನ ಹಿಮನದಿ. ಹಿಮದ ಅಂಚುಗಳು ಗೋಡೆಯಂತೆ ನೇರ ಕಡಿದು ನಿಂತಿವೆ. ಒಣಗಾಳಿಗೆ ಇಲ್ಲಿನ ಹಿಮದ ದೊಡ್ಡ ಪಾಲು ಕರಗಿ ಹರಿಯದೆ ಹಾಗೆಯೇ ಆವಿಯಾಗಿ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈ ಭಾಗದ ಹವೆ ಒಣಗಿದ್ದು, ಬೀಳುವ ಹಿಮ ಕಡಿಮೆಯಾದದ್ದು, ಈಗಿನ ಬಿಸಿ, ಎಲ್ಲ ಸೇರಿ ಈ ಗತಿ. ಸೂರ್ಯನ ಬೆಳಕು ಆ ಗೋಡೆಗೆ ಬಿದ್ದಾಗ ಪದರಪದರವಾಗಿ ನೀಲಿ ಕಂಡಿತು. ಕುಳಿಯಂಚಿನಲ್ಲೇ ನಡೆದು 5,895 ಮೀಟರಿನ ಉಹುರು ಶಿಖರ ತಲುಪಿದೆವು. ಇಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧ ಮಾತ್ರ. 1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಇದನ್ನು ಹತ್ತಿ ಜರ್ಮನ್ ಚಕ್ರವರ್ತಿಯ ಹೆಸರಿಟ್ಟಿದ್ದರು. 1961ರ ಡಿಸೆಂಬರಿನಲ್ಲಿ ಇಂದಿನ ಟಾಂಜಾನಿಯಾದ ಭಾಗವಾದ ಟಾಂಗನ್ಯೀಕಾ ಸ್ವತಂತ್ರವಾದಾಗ ಲೆಫ್ಟಿನೆಂಟ್ ಅಲೆಕ್ಸಾಂಡರ್ ನ್ಯಿರೆಂಡಾ ಇಲ್ಲಿ ಪಂಜು ಹೊತ್ತಿಸಿದರು, ಶಿಖರ ಉಹುರು, ಅಂದರೆ ಸ್ವಾತಂತ್ರ್ಯ, ಎಂಬ ಹೆಸರು ಪಡೆಯಿತು. ಗೈಡ್ ನಮ್ಮ ಫೋಟೋ ತೆಗೆದು ಮುಗಿಸಿ, ಕೈಗವಸು ಬಿಚ್ಚಿ, ಶಿಖರದ ಹೆಸರು ಬರೆದ ಹಲಗೆಯನ್ನು ಒಮ್ಮೆ ಮುಟ್ಟಿದರು. ಲೆಕ್ಕವಿಡದಷ್ಟು ಸಲ ಹತ್ತಿದವರು ಅವರು.

ಇಳಿಯುವುದು ಮ್ವೆಕಾ ದಾರಿಯಲ್ಲಿ. ಮೊಣಕಾಲು ಕಳಚುವಷ್ಟು ಇಳಿಜಾರು. ಕಲ್ಲು, ಹೀದರ್, ಕಾಡು, ಕೊನೆಗೆ ಹಳ್ಳಿ. ನೀರು ಹೊತ್ತ ಹುಡುಗನ ಮನೆ ಅಲ್ಲಿಗೆ ಹತ್ತಿರ. ಗೇಟಿನಲ್ಲಿ ಕೂಲಿ, ಬಕ್ಷೀಸು ಎಲ್ಲರೆದುರೇ ಎಣಿಸಿ ಕೊಟ್ಟಾದ ಮೇಲೆ ಅವನು ನಮ್ಮಲ್ಲಿ ಇಬ್ಬರನ್ನು ಮನೆಗೆ ಕರೆದ. ಚಗ್ಗ ಜನರ ಮನೆತೋಟ. ಮೇಲೆ ನೆರಳಿನ ಮರ, ಅದರಡಿ ಬಾಳೆ, ಬಾಳೆಯಡಿ ಕಾಫಿ, ನೆಲಕ್ಕೆ ಕೆಸುವು. ತೋಟದ ಮೇಲ್ಗಡೆ ಮಣ್ಣಿನ ಕಾಲುವೆಯೊಂದು ಕಾಡಿನ ತೊರೆಯಿಂದ ಬಳುಕುತ್ತ ಬಂದಿತ್ತು. ಇಂಥ ಕಾಲುವೆಗಳನ್ನು ಚಗ್ಗರು ನೂರಾರು ವರ್ಷಗಳಿಂದ ಕಡಿದು ಕಾಪಾಡಿಕೊಂಡು ಬಂದಿದ್ದಾರೆ. ಹೂಳೆತ್ತಲು ಬಾರದ ಮನೆಯವರಿಗೆ ನೀರಿನ ಸರದಿ ಇಲ್ಲ. ಹುಡುಗನ ದೊಡ್ಡಪ್ಪ ಸರದಿ ನೋಡಿಕೊಳ್ಳುವ ಹಿರಿಯರಲ್ಲಿ ಒಬ್ಬರು. 2005ರಲ್ಲಿ ಮೇಲಿನ ಕಾಡನ್ನು ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಿದ ಮೇಲೆ ಸೌದೆಗೆ ಕಷ್ಟವಾಗಿದೆ ಎಂದರು. ಆದರೂ ಕಾಡು ಉಳಿಯಬೇಕು, ಇಲ್ಲವಾದರೆ ಕಾಲುವೆ ಉಳಿಯುವುದಿಲ್ಲ ಎಂದೂ ಅವರೇ ಹೇಳಿದರು.

“ನಿಮ್ಮಲ್ಲಿ ನೀರು ಹೇಗೆ ಬರುತ್ತದೆ?” ಎಂದು ಹುಡುಗನ ಮೂಲಕ ಕೇಳಿಸಿದರು.

ನಾನು ಅಬ್ಬಿ ನೀರಿನ ವಿಷಯ ಹೇಳಿದೆ. ಗುಡ್ಡದ ಮೇಲಿನ ತೊರೆಯಿಂದ ಅಡಿಕೆ ಮರದ ದಬ್ಬೆ ಜೋಡಿಸಿ ಹಿತ್ತಲಿನ ತೊಟ್ಟಿಗೆ ನೀರು ಬೀಳಿಸುತ್ತಿದ್ದುದು, ಈಗ ದಬ್ಬೆಯ ಜಾಗಕ್ಕೆ ಪೈಪು ಬಂದಿರುವುದು, ಕೆಲವು ಅಬ್ಬಿಗಳು ಬೇಸಗೆಗೆ ಬತ್ತುತ್ತಿರುವುದು. ದೊಡ್ಡಪ್ಪ ಮಾತು ಮುಗಿಯುವವರೆಗೂ ಕೇಳಿ, ಬತ್ತುವ ಅಬ್ಬಿಯ ಮೇಲೆ ಮರ ಕಡಿದಿದ್ದಾರೆಯೇ ಎಂದರು. ಕಡಿದಿದ್ದಾರೆ ಎಂದೆ. ಅಷ್ಟರಲ್ಲಿ ಅವರ ಮನೆಯ ಸರದಿ ಮುಗಿದಿತ್ತು. ಹುಡುಗ ಗುದ್ದಲಿ ತಂದು ತೋಟದ ಬಾಯಿಗೆ ಮಣ್ಣು, ಬಾಳೆಪಟ್ಟೆ ಮೆಟ್ಟಿ ಮುಚ್ಚಿದ. ಕೆಳಮನೆಯ ಹೆಂಗಸು ಆಗಲೇ ತನ್ನ ತೋಟದ ಕಂಡಿ ಬಿಡಿಸಿಕೊಂಡು ಕಾಯುತ್ತಿದ್ದಳು.