‘ಅಂತೆ’ ಎಂಬ ಸಾಕ್ಷಿ

ನಾವಿಬ್ಬರೂ ಪುಣೆಯ ಒಂದೇ ಕೇಂದ್ರ ಸರ್ಕಾರಿ ಕಚೇರಿಯ ನೌಕರರು, ನಲವತ್ತು ದಾಟಿದ ಕನ್ನಡಿಗರು. ಸಂಜೆಯ ಜರ್ಮನ್ ತರಗತಿಗೆ ಸೇರಿದಾಗ ನಮ್ಮ ಇಂಗ್ಲಿಷ್ ಎಂ.ಎ. ಪದವಿಗಳು ಹೆಚ್ಚೇನೂ ನೆರವಾಗಲಿಲ್ಲ. ರಾತ್ರಿ ಬಾಯಿಪಾಠ ಮಾಡಿದ ನಾಮಪದಗಳ ಲಿಂಗ, ಮರುದಿನ ಕಡತಗಳ ನಡುವೆ ಮರೆತುಹೋಗುತ್ತಿತ್ತು.

ನಮ್ಮನ್ನು ಉಳಿಸಿದವನು ಒಬ್ಬ ಕಳ್ಳ. ಎರಿಕ್ ಕೆಸ್ಟ್ನರ್ ಅವರ 1929ರ ಕಾದಂಬರಿ ‘ಎಮಿಲ್ ಮತ್ತು ಪತ್ತೇದಾರರು’. ಬರ್ಲಿನ್ನಿಗೆ ಹೊರಟ ಬಾಲಕನ 140 ಮಾರ್ಕುಗಳು ರೈಲಿನಲ್ಲಿ ಕಳುವಾಗುತ್ತವೆ. ಆ ನೋಟುಗಳು ಅವನವೇ ಎಂದು ಕಡೆಗೆ ಸಾಬೀತುಪಡಿಸುವುದು, ಜೋಪಾನಕ್ಕೆಂದು ಅವನು ಚುಚ್ಚಿದ್ದ ಗುಂಡುಸೂಜಿಯ ತೂತುಗಳು. ಪತ್ತೇದಾರಿ ಕಥೆಯಲ್ಲಿ ಎಷ್ಟು ಸಣ್ಣ ಪದವೂ ಸುಳಿವಾದೀತು. ಆದ್ದರಿಂದ ವಿಭಕ್ತಿಯೊಂದನ್ನೂ ಬಿಡದೆ ಓದತೊಡಗಿದೆವು.

ಮುಂದಿನ ಹಂತಗಳಲ್ಲಿ ಸ್ವಿಸ್ ಲೇಖಕ ಫ್ರೀಡ್ರಿಷ್ ಡ್ಯೂರೆನ್‌ಮಟ್ ಅವರ ‘ನ್ಯಾಯಾಧೀಶ ಮತ್ತು ಅವನ ನೇಣುಗಾರ’ ಬಂತು. ಟ್ವಾನ್ ಎಂಬ ಊರಿನ ಬಳಿ ಕಾರಿನೊಳಗೆ ಪೊಲೀಸ್ ಅಧಿಕಾರಿಯ ಶವ. ತನಿಖೆಗೆ ಬರ್ನ್ ನಗರದ ವೃದ್ಧ, ರೋಗಪೀಡಿತ ಬೇರ್ಲಾಖ್. ಪಾತ್ರಗಳ ಹೇಳಿಕೆಗಳನ್ನು ಪೊಲೀಸ್ ವರದಿಯಾಗಿ ಬರೆಯಲು ಅಧ್ಯಾಪಕಿ ಸೂಚಿಸಿದರು. ಆಗ ಎದುರಾದದ್ದು ‘ಕೊನ್‌ಯುಂಕ್ಟಿಫ್’. ‘ಇದ್ದಾನೆ’ ಎನ್ನಲು ‘ಇಸ್ಟ್’. ಪರರ ಮಾತನ್ನು ವರದಿ ಮಾಡುವಾಗ ಅದೇ ‘ಝೈ’ ಆಗುತ್ತದೆ. ಬರೆದವನು ಮಾತನ್ನು ಮುಟ್ಟಿಸಿದ್ದಾನೆ, ಅದರ ಸತ್ಯಕ್ಕೆ ಜಾಮೀನು ನಿಂತಿಲ್ಲ ಎಂದರ್ಥ. ಕಲಿತ ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಇದಕ್ಕೆ ಸಾಟಿ ಹುಡುಕಿ ಸೋತೆವು. ಅದರ ಹತ್ತಿರದ ನಂಟು ಮನೆಯ ಕನ್ನಡದಲ್ಲೇ ಇತ್ತು: ‘ಇದ್ದಾನಂತೆ’.

ಆ ಸಂಜೆ ಹಿಂದಿರುಗುವಾಗ ಬಸ್ಸಿನಲ್ಲಿ ನಾವು ಮಾತನಾಡಲಿಲ್ಲ. ಕೆಲವು ವರ್ಷಗಳ ಹಿಂದೆ ಇಲಾಖಾ ವಿಚಾರಣೆಯೊಂದರ ವರದಿಗೆ ನಾವಿಬ್ಬರೂ ಸಹಿ ಹಾಕಿದ್ದೆವು. ಉಗ್ರಾಣದಿಂದ ಯಂತ್ರವೊಂದು ಕಾಣೆಯಾದ ರಾತ್ರಿ ಹಿರಿಯ ಜವಾನರೊಬ್ಬರು ತಡವಾಗಿ ಹೊರಟರಂತೆ ಎಂದು ಯಾರೋ ಹೇಳಿದ್ದರು. ನಮ್ಮ ಇಂಗ್ಲಿಷ್ ವರದಿಯಲ್ಲಿ ಆ ‘ಅಂತೆ’ ಉದುರಿಹೋಗಿ, ‘ತಡವಾಗಿ ಹೊರಟರು’ ಎಂದಷ್ಟೇ ಉಳಿಯಿತು. ಅವರ ವೇತನ ಬಡ್ತಿ ನಿಂತಿತು. ತಿಂಗಳುಗಳ ನಂತರ ಯಂತ್ರ ಇನ್ನೊಂದು ಶಾಖೆಯ ಬೀರುವಿನಲ್ಲಿ ದೊರೆಯಿತು, ಬಡ್ತಿಯೂ ಮರಳಿತು. ಆದರೆ ಅವರು ಮತ್ತೆ ನಮ್ಮ ಮುಖ ನೋಡಿ ನಮಸ್ಕಾರ ಹೇಳಲಿಲ್ಲ.

ಈಗ ಟಿಪ್ಪಣಿ ಬರೆಯುವ ಮುನ್ನ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ: ಇದು ಕಂಡದ್ದೋ, ಕೇಳಿದ್ದೋ? ಆ ಹಿರಿಯರು ಬರುವ ವರ್ಷ ನಿವೃತ್ತರಾಗುತ್ತಾರೆ. ಅದಕ್ಕೆ ಮೊದಲು ಅವರೆದುರು ನಿಂತು ನಾವು ಹೇಳಬೇಕಾದ ಮಾತೊಂದಿದೆ. ಅದನ್ನು ‘ಅಂತೆ’ಯಿಲ್ಲದೆ ಹೇಳಬೇಕು.