ನಾಳೆ ಸಂಜೆ ಐದೂವರೆಗೆ

ಶನಿವಾರ ಮಧ್ಯಾಹ್ನ ಎರಡೂವರೆ. ಲಗ್ಗೆರೆಯಿಂದ ಬಂದ ಬಸ್ಸು ಕೆ.ಆರ್. ಮಾರ್ಕೆಟ್ಟಿನಲ್ಲಿ ನಮ್ಮನ್ನು ಇಳಿಸುತ್ತದೆ. ಇಳಿದವಳೇ ಅಕ್ಕ ಸೊಂಟದಲ್ಲಿ ಸಿಕ್ಕಿಸಿಕೊಂಡ ಪರ್ಸನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ. ಅದರಲ್ಲಿ 500ರ ನಾಲ್ಕು ನೋಟುಗಳಿವೆ. ನಾಳೆ ಮಗಳಿಗೆ ಒಂಬತ್ತು ತುಂಬುತ್ತದೆ. ಗಾರ್ಮೆಂಟ್ಸಿನ ಸಂಬಳ ಆಗಿದ್ದು ನಿನ್ನೆ, ಅದಕ್ಕೇ ಅರ್ಧ ದಿನ ರಜೆ ಹಾಕಿ ಈ ಧಾವಂತ. ಬಸ್ಸಿಗೆ ಮೂವರೂ ಕಾಸು ಕೊಟ್ಟಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಶುರುವಾದ ಮೇಲೆ ಅಕ್ಕನಿಗೆ ಪೇಟೆ ಹತ್ತಿರವಾಗಿದೆ. ಮೊದಲು ಬಸ್ ಚಾರ್ಜಿಗೆ ಹೆದರಿ ಮನೆ ಹತ್ತಿರದ ಅಂಗಡಿಯಲ್ಲೇ ಕೇಳಿದಷ್ಟು ಕೊಟ್ಟು ತರುತ್ತಿದ್ದಳು.

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳನ್ನು ದಾಟಿ ಚಿಕ್ಕಪೇಟೆಯ ಗಲ್ಲಿಗೆ ಹೊಕ್ಕಿದ್ದೇವೆ. ಹಿಂದಿನಿಂದ ಬಟ್ಟೆಯ ಮೂಟೆ ಹೊತ್ತವರೊಬ್ಬರು "ಸೈಡ್, ಸೈಡ್" ಎನ್ನುತ್ತ ನುಗ್ಗುತ್ತಾರೆ, ಗೋಡೆಗೆ ಒತ್ತಿ ನಿಲ್ಲುತ್ತೇವೆ. ನಿಂತಲ್ಲೇ ಒಂದು ಗುಲಾಬಿ ಫ್ರಾಕು ತೂಗಾಡುತ್ತಿದೆ. ಹುಡುಗಿ ಬೇಕು ಅನ್ನುವುದಿಲ್ಲ. ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹಾಗೇ ನಿಂತಿದ್ದಾಳೆ.

"ಎಷ್ಟಣ್ಣ?"

"ಸಾವಿರದ ನೂರು. ಮಗೂಗೆ ಅಂತ ಒಂಬೈನೂರಕ್ಕೆ ಕೊಡ್ತೀನಿ ತಗೊಳ್ಳಮ್ಮ."

ಅಕ್ಕ ಫ್ರಾಕಿನ ಒಳಮೈ ತಿರುಗಿಸುತ್ತಾಳೆ. ಹನ್ನೊಂದು ವರ್ಷ ಕಂಡವರ ಮಕ್ಕಳ ಬಟ್ಟೆ ಹೊಲಿದ ಕಣ್ಣು ಅದು. "ಓವರ್‌ಲಾಕೇ ಮಾಡಿಲ್ಲ ನೋಡೇ. ಎರಡು ಸಲ ಒಗೆದ್ರೆ ನೂಲು ಬಿಟ್ಕೊಳ್ಳುತ್ತೆ" ಎಂದು ನನಗೆ ಹೇಳಿ, ಮಗಳ ಕಡೆ ಬಾಗುತ್ತಾಳೆ. "ಇಂಥದ್ದೇ ನಾನು ಹೊಲಿದುಕೊಡ್ತೀನಿ ಪುಟ್ಟಿ."

"ಹಿಂದೆ ಬೋ ಇರ್ಬೇಕು. ದೊಡ್ಡದು."

ಕಟ್‌ಪೀಸ್ ಅಂಗಡಿಯಲ್ಲಿ ಸ್ಯಾಟಿನ್ನು, ಮೂರು ಮೀಟರ್ ನೆಟ್ಟು, ಲೈನಿಂಗು, ಒಂದಿಷ್ಟು ಲೇಸು. ಅಳೆಯುವವನ ಕೈ ಮೇಲೇ ಅಕ್ಕನ ಕಣ್ಣು. 290 ರೂಪಾಯಿ. ಬೋಗೆಂದು ಅರ್ಧ ಮೀಟರ್ ಸ್ಯಾಟಿನ್ ಹೆಚ್ಚಿಗೇ ಕತ್ತರಿಸಿದ್ದಾರೆ, ಅದೂ ಇದರೊಳಗೇ ಬಂತು.

ಮಾಮೂಲುಪೇಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಣ್ಣು ಕುಕ್ಕುವ ಸಾಮಾನಿನ ಮಧ್ಯೆ ನಿಂತಷ್ಟೂ ಖರ್ಚು ಎಂದು ಅಕ್ಕನಿಗೆ ಗೊತ್ತು. ಬಲೂನು, ಬ್ಯಾನರು, ಪೇಪರ್ ತಟ್ಟೆ, ಬರುವ ಮಕ್ಕಳಿಗೆ ಕೊಡಲು ಪೆನ್ಸಿಲ್, ರಬ್ಬರು: 310. ಕೈಗೆತ್ತಿಕೊಂಡ ಜರಿ ಟೋಪಿಗಳನ್ನು ವಾಪಸ್ ಇಡುತ್ತಾಳೆ. ಅದರ ಬದಲು ಮಾರ್ಕೆಟ್ಟಿನಲ್ಲಿ ಸೇವಂತಿಗೆ ಕೊಳ್ಳುತ್ತೇವೆ. ನನ್ನನ್ನು ಕೇಳಿದರೆ ಇಡೀ ದಿನದ ಒಳ್ಳೆಯ ವ್ಯಾಪಾರ ಇದೇ. ಪಲಾವಿಗೆ ಬೀನ್ಸು, ಕ್ಯಾರೆಟ್ಟು, ಬಟಾಣಿ, ಒಂದು ಹಿಡಿ ಪುದೀನ. ಹೂವು ತರಕಾರಿ ಸೇರಿ 180.

ಬಸ್ಸು ರಾಜಾಜಿನಗರ ದಾಟುತ್ತಿದೆ. ಹೂವಿನ ಚೀಲ ನನ್ನ ತೊಡೆಯ ಮೇಲಿದೆ. ಅಕ್ಕ ಬೆರಳು ಮಡಿಸಿ ತಲೆ ಎಣಿಸುತ್ತಿದ್ದಾಳೆ. ಹದಿನಾಲ್ಕು ಮಕ್ಕಳು, ದೊಡ್ಡವರು ಹತ್ತು. ಮೂರು ಕೆ.ಜಿ. ಅಕ್ಕಿ ಸಾಕಾ?

"ಅಮ್ಮ, ಯಾರೂ ಗಿಫ್ಟ್ ತರ್ಬೇಡಿ ಅಂತ ಹೇಳೋಣ."

"ಯಾಕೇ?"

ಹುಡುಗಿ ಕಿಟಕಿಯ ಕಡೆ ತಿರುಗುತ್ತಾಳೆ. "ಗಿಫ್ಟ್ ಇಲ್ದೇ ಇರೋರು ಬರಲ್ಲ."

ಮಡಿಸಿದ ಬೆರಳು ಹಾಗೇ ನಿಲ್ಲುತ್ತದೆ. ಹೋದ ತಿಂಗಳು ಎದುರುಮನೆಯ ಗೆಳತಿಯ ಹುಟ್ಟುಹಬ್ಬದ ದಿನ ಇವಳು ಹೊಟ್ಟೆನೋವೆಂದು ಮಲಗಿದ್ದಳು. ಅಕ್ಕ ಓಮದ ಕಷಾಯ ಮಾಡಿ ಕುಡಿಸಿದ್ದಳು. ಈಗ ಅಕ್ಕ ಏನೂ ಕೇಳುವುದಿಲ್ಲ. ಮಗಳ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಳ್ಳುತ್ತಾಳೆ. ನಾನು ಸೇವಂತಿಗೆಯನ್ನು ನೋಡುತ್ತ ಕೂತಿದ್ದೇನೆ. ಬಡತನವನ್ನು ಮಕ್ಕಳಿಂದ ಮುಚ್ಚಿಟ್ಟಿದ್ದೇವೆ ಎಂದುಕೊಳ್ಳುತ್ತೇವೆ. ಅವರು ಅದನ್ನು ನಮ್ಮಿಂದ ಮುಚ್ಚಿಡುತ್ತಿರುತ್ತಾರೆ.

ಸ್ಟಾಪಿನ ಪಕ್ಕದ ಅಯ್ಯಂಗಾರ್ ಬೇಕರಿಯಲ್ಲಿ ಒಂದು ಕೆ.ಜಿ. ಪೈನಾಪಲ್ ಕೇಕಿಗೆ 500 ಕೊಟ್ಟು ರಸೀದಿ ತೆಗೆದುಕೊಂಡಿದ್ದೇವೆ. ತನ್ನ ಹೆಸರನ್ನು ಹುಡುಗಿಯೇ ಕನ್ನಡದಲ್ಲಿ ದುಂಡಗೆ ಬರೆದು ಕೊಟ್ಟಿದ್ದಾಳೆ. ಅಕ್ಕಿ, ಮೊಸರು, ಕೇಸರಿಬಾತಿಗೆ ರವೆ ಸಕ್ಕರೆ, ಖಾರದ ಮಿಕ್ಸ್ಚರು ಸೇರಿ 560. ಟೆರೇಸಿಗೆ ಬಾಡಿಗೆಯಿಲ್ಲ. ಎಂಟು ಗಂಟೆಯೊಳಗೆ ಗುಡಿಸಿ ಕೊಡಬೇಕು ಎಂದಷ್ಟೇ ಓನರ್ ಆಂಟಿ ಹೇಳಿದ್ದಾರೆ.

ರಾತ್ರಿ ಎಂಟು. ಒಂದೇ ಕೋಣೆಯ ಮನೆ. ಬಲ್ಬಿನ ಕೆಳಗೆ ಅಕ್ಕ ಹೊಲಿಗೆ ಮಿಷನ್ನು ತುಳಿಯುತ್ತಿದ್ದಾಳೆ, ನೆಟ್ಟು ನೆಲದ ತುಂಬ ಹರಡಿದೆ. ಹುಡುಗಿ ನನ್ನ ಕೈ ಹಿಡಿದು ವಠಾರಕ್ಕೆಲ್ಲ ಕರೆಯಲು ಹೊರಟಿದ್ದಾಳೆ. ಮೊದಲು ತಟ್ಟಿದ್ದು ಎದುರುಮನೆಯ ಬಾಗಿಲು.

"ಆಂಟಿ, ನಾಳೆ ಸಂಜೆ ಐದೂವರೆಗೆ ಟೆರೇಸ್ ಮೇಲೆ ನನ್ನ ಹುಟ್ಟುಹಬ್ಬ. ಎಲ್ರೂ ಬನ್ನಿ. ಗಿಫ್ಟ್ ತರ್ಬಾರ್ದು."

ಎಲ್ಲ ಮನೆಗೂ ಇದೇ ಮಾತು. ವಾಪಸ್ ಬಂದಾಗ ಫ್ರಾಕಿಗೆ ತೋಳು ಕೂತಿದೆ, ಬೋ ಇನ್ನೂ ಬಾಕಿ. ಪರ್ಸಿನಲ್ಲಿ 160 ರೂಪಾಯಿ ಉಳಿದಿದೆ. ಅದರಲ್ಲಿ 50 ರೂಪಾಯಿಯನ್ನು ಸೋಮವಾರ ಶಾಲೆಯಲ್ಲಿ ಹಂಚುವ ಚಾಕೊಲೇಟಿಗೆಂದು ಅಕ್ಕ ಬೇರೆ ತೆಗೆದಿಟ್ಟಿದ್ದಾಳೆ.