ನಾಡಿ ಹಿಡಿಯುವ ಕೈ, ಬಿಲ್ ಬರೆಯುವ ಕೈ

ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ದೇಹದ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಆದರೆ ವೈದ್ಯರಿಗೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ನಾನು ಕೆಲಸ ಮಾಡುವ ಲೆಕ್ಕಪತ್ರ ಸಂಸ್ಥೆಯ ಗಿರಾಕಿಗಳಲ್ಲಿ ಬಹುಪಾಲು ಜಿಪಿಗಳು, ಅಂದರೆ ಇಲ್ಲಿನ ಕುಟುಂಬ ವೈದ್ಯರು. ವರ್ಷಕ್ಕೊಮ್ಮೆ ಅವರ ಆದಾಯ ವೆಚ್ಚದ ಪಟ್ಟಿ ನನ್ನ ಮೇಜಿಗೆ ಬರುತ್ತದೆ. ಹದಿನಾಲ್ಕು ವರ್ಷ ಆ ಪಟ್ಟಿಗಳನ್ನು ನೋಡಿದ ಮೇಲೆ ಒಂದು ಮಾತು ಖಚಿತವಾಗಿದೆ. ವೈದ್ಯರು ಒಳ್ಳೆಯವರೋ ಕೆಟ್ಟವರೋ ಎಂದು ಕೇಳುವುದಕ್ಕಿಂತ, ಅವರಿಗೆ ಯಾವುದಕ್ಕೆ ದುಡ್ಡು ಸಿಗುತ್ತದೆ ಎಂದು ಕೇಳುವುದು ರೋಗಿಗೆ ಹೆಚ್ಚು ಉಪಯೋಗದ್ದು.

ಊರಿನ ಓದುಗರು ಅಂದುಕೊಂಡಂತೆ ಇಲ್ಲಿನ ಜಿಪಿಗಳೆಲ್ಲ ಸರ್ಕಾರಿ ನೌಕರರಲ್ಲ. ನಾಲ್ಕೈದು ವೈದ್ಯರು ಪಾಲುದಾರಿಕೆಯಲ್ಲಿ ಕ್ಲಿನಿಕ್ ನಡೆಸುತ್ತಾರೆ. 1948ರಲ್ಲಿ ಶುರುವಾದ ಎನ್‌ಎಚ್‌ಎಸ್ ಅವರೊಡನೆ ಕರಾರು ಮಾಡಿಕೊಂಡಿರುತ್ತದೆ. ಆದಾಯದ ದೊಡ್ಡ ಭಾಗ ಬರುವುದು ತಲೆಲೆಕ್ಕದಲ್ಲಿ: ಕ್ಲಿನಿಕ್ಕಿನಲ್ಲಿ ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ ವರ್ಷಕ್ಕೆ ಇಷ್ಟು ಎಂದು. ವಯಸ್ಸು, ಕಾಯಿಲೆಗಳ ಭಾರ ನೋಡಿ ಅದು ಒಂದಿಷ್ಟು ಹೆಚ್ಚು ಕಡಿಮೆಯಾಗುತ್ತದೆ. ರೋಗಿ ಹತ್ತು ಸಲ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಖರ್ಚು ಕಳೆದು ಉಳಿದದ್ದು ಪಾಲುದಾರರದ್ದು.

ಇದರ ಗುಣ ದೋಷ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಇಲ್ಲಿನ ಜಿಪಿ ನನಗೆ ಬೇಡದ ಸ್ಕ್ಯಾನ್ ಬರೆಯುವುದಿಲ್ಲ. ಬರೆದರೆ ಅವರಿಗೆ ಒಂದು ಪೆನ್ನಿಯೂ ಸಿಗದು. ಆದರೆ ಬೆಳಿಗ್ಗೆ ಎಂಟಕ್ಕೆ ಫೋನ್ ಹಚ್ಚಿ ಸರದಿಯಲ್ಲಿ ಕಾಯುವ ಗೋಳು ಈ ದೇಶದಲ್ಲಿರುವ ಎಲ್ಲ ಕನ್ನಡಿಗರಿಗೂ ಗೊತ್ತು. ಲೆಕ್ಕದ ಕಣ್ಣಿನಿಂದ ನೋಡಿದರೆ, ಬಾಗಿಲಿಗೆ ಬಾರದ ರೋಗಿಯೇ ಅತ್ಯಂತ ಲಾಭದ ರೋಗಿ.

ಇದನ್ನು ಸರಿಪಡಿಸಲು ಹೊರಟ ಸರ್ಕಾರ 2004ರಲ್ಲಿ ಅಂಕಗಳ ಪದ್ಧತಿಯೊಂದನ್ನು ತಂದಿತು. ಒಟ್ಟು 1050 ಅಂಕ, 146 ಸೂಚಕಗಳು. ರಕ್ತದೊತ್ತಡ ಹತೋಟಿಯಲ್ಲಿಟ್ಟರೆ ಇಷ್ಟು, ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸಿದರೆ ಇಷ್ಟು. ಒಂದೊಂದು ಅಂಕಕ್ಕೂ ಬೆಲೆ. ವೈದ್ಯರು ಮುಕ್ಕಾಲು ಪಾಲು ಅಂಕ ಗಳಿಸಬಹುದೆಂದು ಸರ್ಕಾರ ಊಹಿಸಿತ್ತು. ಮೊದಲ ವರ್ಷವೇ ಅವರು ಶೇಕಡಾ 90ಕ್ಕಿಂತ ಹೆಚ್ಚು ಗಳಿಸಿದರು. ಹಣ ಅಂದರೆ ಹೆಣವೂ ಬಾಯಿ ಬಿಡುತ್ತದಂತೆ, ಇನ್ನು ಕಂಪ್ಯೂಟರಿನ ಖಾನೆಗಳು ತುಂಬದೆ ಇರುತ್ತವೆಯೇ?

ಇದನ್ನು ನಾನು ಗೇಲಿ ಮಾಡಲಾರೆ. ನಾನೂ ಸಕ್ಕರೆ ಕಾಯಿಲೆಯವನು. ಮಾರ್ಚ್ 31ಕ್ಕೆ ಅಂಕಗಳ ವರ್ಷ ಮುಗಿಯುತ್ತದೆ. ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಕ್ಲಿನಿಕ್ಕಿನಿಂದ ಸಂದೇಶಗಳ ಸುರಿಮಳೆ. ರಕ್ತ ಪರೀಕ್ಷೆಗೆ ಬನ್ನಿ, ಪಾದ ತೋರಿಸಿ. ಅವರ ಪ್ರೀತಿಗೆ ಕಾರಣ ನನಗೆ ಗೊತ್ತು, ಆದರೂ ಹೋಗುತ್ತೇನೆ. ಹೀಗೆ ಹೋದ ಒಂದು ಸಲವೇ ಮೂತ್ರಪಿಂಡಕ್ಕೆ ತೊಂದರೆ ಶುರುವಾಗುತ್ತಿರುವುದು ಗೊತ್ತಾಗಿ ಮಾತ್ರೆ ಬದಲಾಯಿತು. ಆದರೆ ಅಂಕವಿಲ್ಲದ ವಿಷಯಗಳ ಗತಿ? 2014ರಲ್ಲಿ ಕೆಲವು ಸೂಚಕಗಳನ್ನು ಕೈಬಿಟ್ಟ ಕೂಡಲೇ ಆ ಕೆಲಸಗಳ ದಾಖಲೆ ಕುಸಿಯಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸ್ಕಾಟ್ಲೆಂಡ್ 2016ರಲ್ಲಿ ಈ ಪದ್ಧತಿಯನ್ನೇ ಬಿಟ್ಟಿತು.

ಗುರಿಯೊಂದು ಹೇಗೆ ತಲೆಕೆಳಗಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ಜಿಪಿಯ ಭೇಟಿ 48 ಗಂಟೆಯೊಳಗೆ ಸಿಗಬೇಕು ಎಂಬ ನಿಯಮ ಬಂತು. ಹಲವು ಕ್ಲಿನಿಕ್ಕುಗಳು ಸುಲಭ ದಾರಿ ಹುಡುಕಿದವು: ಮುಂದಿನ ವಾರಕ್ಕೆ ಭೇಟಿ ಕೊಡುವುದನ್ನೇ ನಿಲ್ಲಿಸಿದವು! ಎರಡು ದಿನದೊಳಗಿನ ಭೇಟಿ ಮಾತ್ರ ಕೊಟ್ಟರೆ ಗುರಿ ತಾನಾಗಿಯೇ ಮುಟ್ಟಿದಂತೆ. 2005ರ ಚುನಾವಣೆಗೆ ಮುನ್ನ ಬಿಬಿಸಿಯ ‘ಕ್ವೆಶ್ಚನ್ ಟೈಮ್’ ಕಾರ್ಯಕ್ರಮದಲ್ಲಿ ಮಹಿಳೆಯೊಬ್ಬರು ಇದನ್ನು ಹೇಳಿದಾಗ ಪ್ರಧಾನಿ ಟೋನಿ ಬ್ಲೇರ್ ತಬ್ಬಿಬ್ಬಾದರು.

ದಂತವೈದ್ಯರದ್ದು ಮತ್ತೂ ಸ್ವಾರಸ್ಯ. 2006ರ ಕರಾರಿನ ಪ್ರಕಾರ ಒಂದು ಹಲ್ಲಿಗೆ ಫಿಲ್ಲಿಂಗ್ ಮಾಡಿದರೂ ಮೂರು ಯೂನಿಟ್, ಆರು ಹಲ್ಲಿಗೆ ಮಾಡಿದರೂ ಮೂರು. ಹಲ್ಲು ಕಿತ್ತರೂ ಮೂರು. ಗಂಟೆಗಟ್ಟಲೆ ಕೂತು ಬೇರಿನ ಚಿಕಿತ್ಸೆ ಮಾಡಿ ಹಲ್ಲು ಉಳಿಸಿದರೂ ಮೂರು. ಬೇರಿನ ಚಿಕಿತ್ಸೆ ಕಡಿಮೆಯಾಗಿ ಕೀಳುವುದು ಹೆಚ್ಚಾಯಿತೆಂದು 2008ರಲ್ಲಿ ಪಾರ್ಲಿಮೆಂಟಿನ ಆರೋಗ್ಯ ಸಮಿತಿಯೇ ಗಮನಿಸಿತು. ಹೆಚ್ಚು ಹಲ್ಲುಗಳ ಕೆಲಸಕ್ಕೆ ಹೆಚ್ಚು ಯೂನಿಟ್ ಎಂಬ ತಿದ್ದುಪಡಿ ಬರಲು 2022 ಆಗಬೇಕಾಯಿತು. ಆ ಹದಿನಾರು ವರ್ಷಗಳಲ್ಲಿ ದಂತವೈದ್ಯರ ಮನಸ್ಸೇನೂ ಕಲ್ಲಾಗಿರಲಿಲ್ಲ. ಆದರೆ ಹಲ್ಲು ಉಳಿಸಿದವರಿಗೆ ನಷ್ಟವಾಗುವಂತಹ ಲೆಕ್ಕವಿತ್ತು.

ಈ ತಿಳಿವಳಿಕೆಯೆಲ್ಲ ನನ್ನ ಮನೆಗೇ ಬಂದು ಕೂತದ್ದು ಮೂರು ವರ್ಷದ ಹಿಂದೆ. ಊರಿನಲ್ಲಿ ಅಪ್ಪನಿಗೆ ನಡೆದಾಡಿದರೆ ಎದೆ ಹಿಡಿದಂತಾಗುತ್ತಿತ್ತು. ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಮಾಡಿದರು. ಸ್ಟೆಂಟ್ ಹಾಕಬೇಕು, ನಾಳೆಯೇ ಆದರೆ ಒಳ್ಳೆಯದು ಎಂದರು. ತಮ್ಮ ಅಂದಾಜು ಪಟ್ಟಿಯ ಫೋಟೊ ಕಳಿಸಿದ. ಸ್ಟೆಂಟಿನ ಬೆಲೆಗೆ ಸರ್ಕಾರ 2017ರಲ್ಲೇ ಮಿತಿ ಹಾಕಿದೆ. ಔಷಧ ಲೇಪಿತ ಸ್ಟೆಂಟಿಗೆ ಆಗ 29,600 ರೂಪಾಯಿ. ಆದರೆ ಮಿತಿ ಇರುವುದು ಸ್ಟೆಂಟಿನ ಬೆಲೆಗೆ. ಸ್ಟೆಂಟ್ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಮಿತಿಯಿಲ್ಲ.

ಹೃದಯಾಘಾತವಾಗುತ್ತಿರುವಾಗ ಈ ಪ್ರಶ್ನೆ ಏಳುವುದಿಲ್ಲ. ಸಂಬಳದ ವೈದ್ಯರಾಗಲಿ ಫೀಸಿನ ವೈದ್ಯರಾಗಲಿ ಮಾಡುವುದು ಒಂದನ್ನೇ. ಅಪ್ಪನಂತೆ ನಡೆದಾಗ ಮಾತ್ರ ನೋವು ಬರುವವರದ್ದು ನಡುವಿನ ಸ್ಥಿತಿ. ಅಂಥ ಅನೇಕರಲ್ಲಿ ಸ್ಟೆಂಟಿನಿಂದ ನೋವು ತಗ್ಗಬಹುದು, ಆದರೆ ಒಳ್ಳೆಯ ಔಷಧಿಗಿಂತ ಹೆಚ್ಚು ಆಯಸ್ಸು ಸಿಗುವುದಿಲ್ಲ ಎಂದು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಎಂಬ ದೊಡ್ಡ ಅಧ್ಯಯನ ಹೇಳಿತ್ತು. ಎರಡೂ ಉತ್ತರ ಸರಿಯಿರಬಹುದಾದ ಕಡೆಯೇ ದುಡ್ಡು ತಕ್ಕಡಿಯ ಮೇಲೆ ಸದ್ದಿಲ್ಲದೆ ಬೆರಳಿಡುವುದು.

ತಮ್ಮ ಸಿ.ಡಿ. ಹಿಡಿದು ಬೆಂಗಳೂರಿಗೆ ಹೋಗಿ, ಸರ್ಕಾರಿ ಸಂಸ್ಥೆಯೊಂದರಲ್ಲಿ ಸಂಬಳಕ್ಕೆ ದುಡಿಯುವ ವೈದ್ಯರಿಗೆ ತೋರಿಸಿದ. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ರಾತ್ರಿ ಅಮ್ಮ ಮಲಗಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟು: ತಡೆ ನಾಳದ ಬುಡದಲ್ಲೇ ಇದೆ, ಮಾತ್ರೆಗೆ ನೋವು ಬಗ್ಗಿಲ್ಲ, ಸ್ಟೆಂಟ್ ಹಾಕಿಸಿ. ಮೊದಲನೆಯವರು ಹೇಳಿದ್ದೂ ಅದನ್ನೇ.

ಎರಡನೆಯವರನ್ನು ಕೇಳಿದ್ದರಲ್ಲಿ ತಪ್ಪಿತ್ತೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅನ್ನಿಸುವುದು ಬೇರೆ. ಮೊದಲನೆಯವರು ಸರಿಯಾಗಿಯೇ ಹೇಳಿದ್ದರು. ಆದರೂ ಅವರನ್ನು ನಂಬುವ ದಾರಿ ನಮಗಿರಲಿಲ್ಲ. ಬೇಡದ ಚಿಕಿತ್ಸೆಯ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಬೇಕಾದ ಚಿಕಿತ್ಸೆಯನ್ನು ಹೇಳಿದಾಗಲೂ ನಂಬಲಾಗದಿರುವುದು ಅದಕ್ಕಿಂತ ದೊಡ್ಡ ನಷ್ಟ, ಮತ್ತು ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಪ್ರಾಮಾಣಿಕ ವೈದ್ಯರಿಗೂ ಆ ನಷ್ಟ ತಟ್ಟುತ್ತದೆ.

ನಮ್ಮ ವೃತ್ತಿ ಈ ಪಾಠವನ್ನು ಹಿಂದೆಯೇ ಕಲಿತಿದೆ. 1949ರ ಸಿ.ಎ. ಕಾಯ್ದೆಯ ಅನುಸೂಚಿಯಲ್ಲಿ, ಲಾಭದ ಪಾಲಿನ ಮೇಲೋ ಕೆಲಸದ ಫಲಿತಾಂಶದ ಮೇಲೋ ಫೀಸು ನಿಗದಿ ಮಾಡುವುದನ್ನು ವೃತ್ತಿದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆಡಿಟರುಗಳೆಲ್ಲ ಕಳ್ಳರೆಂದಲ್ಲ. ವರದಿ ಓದುವವನು ಅನುಮಾನವಿಲ್ಲದೆ ಓದಬೇಕೆಂದು. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಕಮಿಷನ್ ಪಡೆಯಬಾರದೆಂದು ಭಾರತದ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೂ ಹೇಳಿದ್ದವು. ಆದರೆ ಚಿತ್ರ ನೋಡಿ ತೀರ್ಪು ಕೊಡುವವರೂ ಆ ತೀರ್ಪಿನಿಂದ ಗಳಿಸುವವರೂ ಒಬ್ಬರೇ ಆಗಿರುವ ಪದ್ಧತಿ ಹಾಗೇ ಇದೆ. ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಿದರೆ ನಾವು ಒಪ್ಪುತ್ತೇವೆಯೇ?

ಸಂಬಳ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಸಂಬಳಕ್ಕೂ ತನ್ನದೇ ಜಡತನವಿದೆ. ತಲೆಲೆಕ್ಕ ಕಾಯಿಸುತ್ತದೆ, ಫೀಸು ಅವಸರಪಡಿಸುತ್ತದೆ, ಅಂಕ ಖಾನೆ ತುಂಬಿಸುತ್ತದೆ. ದೋಷವಿಲ್ಲದ ಪದ್ಧತಿಯನ್ನು ನಾನಿನ್ನೂ ನೋಡಿಲ್ಲ. ಹಾಗಾಗಿ ಈಗ ಬಂಧುಗಳು ಫೋನ್ ಮಾಡಿದಾಗ ಎರಡೇ ಪ್ರಶ್ನೆ ಕೇಳಲು ಹೇಳುತ್ತೇನೆ: ಒಂದು ತಿಂಗಳು ಕಾದರೆ ಏನಾಗಬಹುದು? ಬರೀ ಔಷಧಿಯಲ್ಲಿ ನೋಡಿದರೆ ಏನಾಗಬಹುದು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಬಿಡಿಸಿ ಹೇಳುತ್ತಾರೆ. ಹಾಗೆ ಹೇಳುವ ಹತ್ತು ನಿಮಿಷಕ್ಕೆ ಮಾತ್ರ ನಾನು ನೋಡಿದ ಯಾವ ಪಟ್ಟಿಯಲ್ಲೂ ಪ್ರತ್ಯೇಕ ದುಡ್ಡಿಲ್ಲ.